ರಾತ್ರಿ ತೀರ್ಮಾನ, ಬೆಳಿಗ್ಗೆ ಪ್ರಯಾಣ: ಮಕ್ಕಳು, ಹಿರಿಯರ ಜೊತೆ ದಿಢೀರ್ ರೋಡ್ ಟ್ರಿಪ್‌ಗೆ ಏನೇನು ನೋಡಿಕೊಳ್ಳಬೇಕು?

ಗೊತ್ತುಗುರಿ_ಇಲ್ಲ ಕೇಳಿದ್ದು:

ನಾಳೆ ಬೆಳಿಗ್ಗೆ ಹೊರಡೋದು ಅಂತ ಈಗಷ್ಟೇ ತೀರ್ಮಾನ ಆಗಿದೆ. ಎರಡು ರಾತ್ರಿ, ಮೂರು ಹಗಲು. ಎಲ್ಲಿಗೆ ಅನ್ನೋದು ಇನ್ನೂ ಗೊತ್ತಿಲ್ಲ, ಅದೇ ಮಜಾ. ಕಾರು ಐದು ಸೀಟಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನ್ಯುಯಲ್ ಗೇರ್. ಓಡಿಸುವವರು ಇಬ್ಬರು, ಜೊತೆಗೆ ಎಪ್ಪತ್ತು ದಾಟಿದ ಹಿರಿಯರೊಬ್ಬರು (ಮಂಡಿನೋವು ಇದೆ, ಇನ್ಸುಲಿನ್ ತಗೊಳ್ತಾರೆ). ಮಕ್ಕಳು ಇಬ್ಬರು, ಒಂದೂವರೆ ವರ್ಷದ್ದೊಂದು, ಏಳು ವರ್ಷದ್ದೊಂದು. ದೊಡ್ಡದಕ್ಕೆ ತಿರುವಿನ ರಸ್ತೆ ಬಂದರೆ ವಾಂತಿ.

ಈ ಹೊತ್ತಿನಲ್ಲಿ ಗ್ಯಾರೇಜು ಸಿಗಲ್ಲ. ಮನೆ ಮುಂದೆಯೇ ಒಂದು ಗಂಟೆಯಲ್ಲಿ ಕಾರಿನಲ್ಲಿ ಏನೇನು ನೋಡಬಹುದು? ದಿನಕ್ಕೆ ಎಷ್ಟು ದೂರ ಇಟ್ಟುಕೊಳ್ಳಬೇಕು? ಯಾರನ್ನು ಎಲ್ಲಿ ಕೂರಿಸಬೇಕು? "ಎಂಜಾಯ್ ಮಾಡಿ" ಅನ್ನೋ ಉತ್ತರ ಬೇಡ, ಅದನ್ನ ಹೇಗೂ ಮಾಡ್ತೀವಿ.

---

ಗ್ರೀಸ್_ಕೈ:

ಒಂದು ಗಂಟೆ ಇದ್ದರೆ ಅದರಲ್ಲಿ ನಲವತ್ತು ನಿಮಿಷ ಟೈರಿಗೆ ಕೊಡಿ. ಉಳಿದದ್ದೆಲ್ಲ ಇಪ್ಪತ್ತು ನಿಮಿಷದ ಕೆಲಸ.

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೋ, ಇಲ್ಲಾ ಪೆಟ್ರೋಲ್ ಮುಚ್ಚಳದ ಒಳಗೋ ಗಾಳಿಯ ಪಟ್ಟಿ ಅಂಟಿಸಿರುತ್ತಾರೆ. ಅನೇಕ ಕಾರುಗಳಲ್ಲಿ ಅದರಲ್ಲಿ ಎರಡು ಸಾಲು ಇರುತ್ತದೆ: ಒಂದು ಇಬ್ಬರು ಮೂವರು ಕೂತಾಗ, ಇನ್ನೊಂದು ತುಂಬು ಹೊರೆಗೆ. ನಿಮ್ಮದು ಎರಡನೇ ಸಾಲು. ಎರಡೂ ಸಾಲಿಗೆ, ಅದರಲ್ಲೂ ಹಿಂದಿನ ಚಕ್ರಕ್ಕೆ, ಹಲವು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ವ್ಯತ್ಯಾಸ ಇರಬಹುದು. ದಿನಾ ಓಡಿಸುವ ಗಾಳಿಯಲ್ಲೇ ಐದು ಜನ, ಲಗೇಜು ಹೇರಿಕೊಂಡು ಹೆದ್ದಾರಿ ಹತ್ತಿದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ, ಒಳಗೆ ಬಿಸಿ ಏರುತ್ತದೆ. ಹೆದ್ದಾರಿಯಲ್ಲಿ ಟೈರ್ ಸಿಡಿಯಲು ದೊಡ್ಡ ಕಾರಣ ಕಡಿಮೆ ಗಾಳಿ, ಜಾಸ್ತಿ ಗಾಳಿ ಅಲ್ಲ.

ಪಟ್ಟಿಯಲ್ಲಿರುವುದು ತಣ್ಣನೆಯ ಟೈರಿನ ಲೆಕ್ಕ. ಕಾರು ಮೂರು ಗಂಟೆಯಾದರೂ ನಿಂತಿರಬೇಕು, ಅಥವಾ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಹೆದ್ದಾರಿಯಲ್ಲಿ ಓಡಿದ ಮೇಲೆ ಅಳೆದರೆ 3ರಿಂದ 5 ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ. ಅದನ್ನು ನೋಡಿ ಗಾಳಿ ಇಳಿಸಬೇಡಿ. ಇಳಿಸಿದರೆ ಮರುದಿನ ಬೆಳಿಗ್ಗೆ ಅಷ್ಟೇ ಕಡಿಮೆಯಿಂದ ಹೊರಡುತ್ತೀರಿ.

ಆಮೇಲೆ ಟಾರ್ಚ್ ಹಿಡಿದು ನಾಲ್ಕೂ ಟೈರಿನ ಪಕ್ಕದ ಗೋಡೆ ನೋಡಿ. ಒಳಬದಿ ಕಾಣಲು ಮುಂದಿನ ಚಕ್ರವನ್ನು ಸ್ಟೀರಿಂಗ್‌ನಿಂದ ಪೂರ್ತಿ ತಿರುಗಿಸಿ. ಎಲ್ಲಾದರೂ ಗುಳ್ಳೆಯ ಹಾಗೆ ಉಬ್ಬಿದ್ದರೆ ಒಳಗಿನ ದಾರ ಹರಿದಿದೆ ಅಂತ ಅರ್ಥ. ಅದಕ್ಕೆ ಪಂಕ್ಚರ್ ಕೆಲಸ ನಡೆಯುವುದಿಲ್ಲ, ಆ ಟೈರಿನಲ್ಲಿ ಹೊರಡಲೇಬಾರದು. ಗೆರೆಯ ಆಳ 1.6 ಮಿಲಿಮೀಟರಿಗೆ ಬಂದರೆ ಗೆರೆಗಳ ನಡುವಿನ ಸಣ್ಣ ದಿಬ್ಬ ಟೈರಿನ ಮೈಗೆ ಸಮವಾಗುತ್ತದೆ, ಅದು ಕೊನೆಯ ಮಿತಿ. ಮಳೆಯಲ್ಲಿ 3 ಮಿಲಿಮೀಟರಿಗಿಂತ ಕೆಳಗೇ ಹಿಡಿತ ಕಡಿಮೆಯಾಗಲು ಶುರು. ಟೈರಿನ ಪಕ್ಕದ ಗೋಡೆಯಲ್ಲಿ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ: 2319 ಅಂದರೆ 2019ರ 23ನೇ ವಾರ. ಗೆರೆ ಚೆನ್ನಾಗಿದ್ದರೂ ಹತ್ತು ವರ್ಷ ಆಗಿದ್ದರೆ ಬದಲಿಸಿ.

ಸ್ಟೆಪ್ನಿ ಮರೆಯಬೇಡಿ. ಡಿಕ್ಕಿಗೆ ಲಗೇಜು ತುಂಬುವ ಮುಂಚೆ ನೋಡಿ, ತುಂಬಿದ ಮೇಲೆ ಯಾರೂ ನೋಡುವುದಿಲ್ಲ. ಸಣ್ಣ ಅಗಲದ ತಾತ್ಕಾಲಿಕ ಸ್ಟೆಪ್ನಿಯಾದರೆ ಗಾಳಿ ಸಾಮಾನ್ಯವಾಗಿ 60 ಪಿಎಸ್‌ಐ, ವೇಗ 80 ಕಿಮೀ ಮೀರಬಾರದು. ಅದು ಮೆಕ್ಯಾನಿಕ್ ಹತ್ತಿರ ಹೋಗಲಿಕ್ಕೆ ಮಾತ್ರ.

ಈಗ ಬಹಳ ಜನ ಬಿಡುವ ಕೆಲಸ: ಸ್ಪ್ಯಾನರ್ ತೆಗೆದು ಪ್ರತಿ ಚಕ್ರದ ಒಂದೊಂದು ನಟ್ಟನ್ನು ಮನೆ ಮುಂದೆಯೇ ಸಡಿಲಿಸಿ, ಮತ್ತೆ ಬಿಗಿ ಮಾಡಿ. ಜಾಕ್ ಬೇಡ, ಚಕ್ರ ನೆಲದ ಮೇಲೇ ಇರಲಿ. ಸಣ್ಣ ಕಾರುಗಳಲ್ಲಿ ನಟ್ಟಿನ ಬಿಗಿ ಸುಮಾರು 100 ನ್ಯೂಟನ್ ಮೀಟರ್. ಕಾರಿನ ಜೊತೆ ಬರುವ 25 ಸೆಂಟಿಮೀಟರ್ ಹಿಡಿಯ ತುದಿಯಲ್ಲಿ ಅದಕ್ಕೆ 40 ಕೆಜಿ ಭಾರ ಬೇಕು. ಗ್ಯಾರೇಜಿನಲ್ಲಿ ಏರ್ ಗನ್ ಹಾಕಿ ಅದರ ಎರಡು ಪಟ್ಟು ಬಿಗಿದಿದ್ದರೆ 80 ಕೆಜಿ. ಇದು ಕತ್ತಲಲ್ಲಿ, ರಸ್ತೆ ಬದಿಯಲ್ಲಿ, ಮಗು ಅಳುತ್ತಿರುವಾಗ ಗೊತ್ತಾಗುವ ಬದಲು ಈಗ ಗೊತ್ತಾಗಲಿ. ಅಲಾಯ್ ಚಕ್ರಕ್ಕೆ ಕಳ್ಳರ ಭಯದ ಲಾಕ್ ನಟ್ ಇದ್ದರೆ ಅದರ ಕೀಲಿ ಎಲ್ಲಿದೆ ಅಂತಲೂ ಹುಡುಕಿ.

ಇಂಜಿನ್ ಕಡೆ: ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಇಂಜಿನ್ ಆಯಿಲ್ ಅಳೆಯುವ ಕಡ್ಡಿ) ನೋಡಿ. ಎರಡು ಗುರುತಿನ ನಡುವೆ ಇದ್ದರೆ ಸಾಕು, ಮೇಲಿನ ಗುರುತು ದಾಟಿಸಬೇಡಿ. ಕೂಲಂಟ್ (ಇಂಜಿನ್ ತಣಿಸುವ ದ್ರವ) ನೋಡುವುದು ಇಂಜಿನ್ ತಣ್ಣಗಿದ್ದಾಗ ಮಾತ್ರ. ಬ್ರೇಕ್ ಆಯಿಲ್ ಇಳಿದಿದ್ದರೆ ಸುಮ್ಮನೆ ಮೇಲೆ ಸುರಿದು ಸಮಾಧಾನ ಪಡಬೇಡಿ. ಅದು ಎರಡೇ ಕಾರಣಕ್ಕೆ ಇಳಿಯುತ್ತದೆ, ಬ್ರೇಕ್ ಪ್ಯಾಡ್ ಸವೆದಿದೆ ಅಥವಾ ಸೋರುತ್ತಿದೆ. ವೈಪರ್, ಎಲ್ಲ ದೀಪ, ಗಾಜು ತೊಳೆಯುವ ನೀರು. ಬ್ಯಾಟರಿ ನಾಲ್ಕು ವರ್ಷ ದಾಟಿದ್ದು, ಬೆಳಿಗ್ಗೆ ಸ್ಟಾರ್ಟರ್ ಎಳೆದಾಡುವ ಸದ್ದು ಬರುತ್ತಿದ್ದರೆ ಜಂಪರ್ ಕೇಬಲ್ (ಇನ್ನೊಂದು ಕಾರಿನ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವ ತಂತಿ) ಇಟ್ಟುಕೊಳ್ಳಿ.

---

ದೂರದಾರಿ:

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಯಾಕೆ? ರಾತ್ರಿ 2 ಗಂಟೆಗೆ ಹೊರಡಿ. ರೋಡು ಖಾಲಿ, ಮಕ್ಕಳು ಮಲಗಿರ್ತಾರೆ, ಬೆಳಗಾಗೋದರಲ್ಲಿ 300 ಕಿಲೋಮೀಟರ್ ಮುಗಿದಿರುತ್ತೆ.

---

ಗಂಟೆಲೆಕ್ಕ:

ಮೇಲಿನ ಸಲಹೆ ಬೇಡ. ಹಗಲೆಲ್ಲ ಕೆಲಸ ಮಾಡಿ, ಹನ್ನೆರಡರವರೆಗೆ ಬ್ಯಾಗ್ ತುಂಬಿ, ಎರಡಕ್ಕೆ ಸ್ಟೀರಿಂಗ್ ಹಿಡಿಯುವವರು ಆಗಲೇ 19–20 ಗಂಟೆ ಎಚ್ಚರವಿರುತ್ತಾರೆ. 17 ಗಂಟೆ ಎಚ್ಚರವಿದ್ದವರ ಪ್ರತಿಕ್ರಿಯೆ ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ, 24 ಗಂಟೆಗೆ ಅದು 0.10. ಅದರ ಮೇಲೆ ಬೆಳಗಿನ ಜಾವ 2ರಿಂದ 6 ದೇಹದ ಗಡಿಯಾರವೇ ನಿದ್ದೆಗೆ ಎಳೆಯುವ ಹೊತ್ತು. 90 ಕಿಮೀ ವೇಗದಲ್ಲಿ ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಕಾರು 100 ಮೀಟರ್ ತಾನಾಗಿಯೇ ಹೋಗಿರುತ್ತದೆ. ಮಕ್ಕಳು ಮಲಗಿರುತ್ತಾರೆ, ನಿಜ. ಪಕ್ಕದ ಸೀಟಿನವರೂ ಮಲಗಿರುತ್ತಾರೆ, ತೊಂದರೆ ಅಲ್ಲೇ.

ಮಲಗಿ ಎದ್ದು, ಬೆಳಕು ಹರಿದ ಮೇಲೆ ಹೊರಡಿ. ಬ್ಯಾಗು ಅರ್ಧ ತುಂಬಿದ್ದರೂ ಪರವಾಗಿಲ್ಲ, ನಿದ್ದೆ ಪೂರ್ತಿ ಇರಲಿ.

ದಿಢೀರ್ ಟ್ರಿಪ್‌ನಲ್ಲಿ ಊರು ತೀರ್ಮಾನ ಆಗದಿದ್ದರೆ ಏನೂ ಆಗುವುದಿಲ್ಲ. ಗಂಟೆ ತೀರ್ಮಾನ ಆಗಿರಬೇಕು. ಕಿಲೋಮೀಟರ್ ಬಿಟ್ಟುಬಿಡಿ. ನಕ್ಷೆಯ ಆ್ಯಪ್ ತೋರಿಸುವ ಸಮಯಕ್ಕೆ ಮೂರನೇ ಒಂದು ಭಾಗ ಸೇರಿಸಿ, ನಿಮ್ಮ ತಂಡಕ್ಕೆ ಅದೇ ನಿಜವಾದ ಸಮಯ. ಆ್ಯಪ್‌ನಲ್ಲಿ ನಾಲ್ಕು ಗಂಟೆ ಇದ್ದರೆ ನಿಮಗೆ ಐದೂಕಾಲು, ಐದೂವರೆ. ಒಂದೂವರೆ ವರ್ಷದ ಮಗು ಇರುವಾಗ ದಿನಕ್ಕೆ ಆ್ಯಪ್‌ನ ನಾಲ್ಕು ಗಂಟೆ ಸಾಕು. ಮೊದಲ ದಿನ ನಾಲ್ಕು, ಎರಡನೇ ದಿನ ಎರಡು ದಾಟಬಾರದು. ಮೂರನೇ ದಿನ ವಾಪಸ್ ದಾರಿಯೂ ಅದೇ ನಾಲ್ಕರೊಳಗೆ ಮುಗಿಯಬೇಕು. ಹೋಗುವಾಗ ಹುರುಪಿನಲ್ಲಿ ಆರು ಗಂಟೆ ಓಡಿಸಿದವರು ವಾಪಸ್ ಬರುವಾಗ ಅದೇ ಆರು ಗಂಟೆಯನ್ನು ದಣಿದ ಮೈಯಲ್ಲಿ ಓಡಿಸಬೇಕು, ಮರುದಿನ ಕೆಲಸಕ್ಕೂ ಹೋಗಬೇಕು.

ಇನ್ನೊಂದು ಗಟ್ಟಿ ನಿಯಮ: ಮಧ್ಯಾಹ್ನ ಮೂರಕ್ಕೆ ಎಲ್ಲೇ ಇದ್ದರೂ ಗಾಡಿ ನಿಲ್ಲಿಸಿ ರಾತ್ರಿಯ ಜಾಗ ಖಚಿತ ಮಾಡಿ, ಫೋನಿನಲ್ಲಿ ಮಾತಾಡಿಯೇ. ಕೇಳಬೇಕಾದ್ದು ಮೂರು: ನೆಲಮಹಡಿ ಅಥವಾ ಲಿಫ್ಟ್ ಇದೆಯಾ, ಕಾರು ಒಳಗೆ ನಿಲ್ಲಿಸಬಹುದಾ, ಎಷ್ಟು ಹೊತ್ತಿನವರೆಗೆ ಬರಬಹುದು. ಮಂಡಿನೋವಿನವರಿಗೆ ಮೊದಲನೆಯದೇ ಮುಖ್ಯ. ಸಂಜೆ ಆರಕ್ಕೆ ಹುಡುಕಲು ಶುರು ಮಾಡಿದರೆ ಕತ್ತಲು, ಹಸಿವು, ಅಳು ಮೂರೂ ಒಟ್ಟಿಗೆ ಬಂದು, ಸಿಕ್ಕಿದ್ದಕ್ಕೆ ಹೂಂ ಅನ್ನುತ್ತೀರಿ.

ಇಂಧನ ಅರ್ಧ ಟ್ಯಾಂಕಿಗೆ ಬಂದಾಗಲೇ ತುಂಬಿಸಿ. ಗೊತ್ತಿಲ್ಲದ ದಾರಿಯಲ್ಲಿ ಕಾಲು ಟ್ಯಾಂಕ್ ತನಕ ಕಾಯಬೇಡಿ. ರಾತ್ರಿಯೇ ವೈ-ಫೈನಲ್ಲಿ ನಾಲ್ಕೂ ದಿಕ್ಕಿನ ನಕ್ಷೆ ಡೌನ್‌ಲೋಡ್ ಮಾಡಿಡಿ, ಬೆಟ್ಟದ ಕಡೆ ಸಿಗ್ನಲ್ ನಂಬುವಂತಿಲ್ಲ. ಆ್ಯಪ್ ಹತ್ತು ನಿಮಿಷ ಉಳಿಸಲು ಒಳದಾರಿ ತೋರಿಸಿದರೆ, ತುಂಬು ಹೊರೆಯ ಸಣ್ಣ ಕಾರಿಗೆ ಆ ಹತ್ತು ನಿಮಿಷ ಬೇಡ.

ಎರಡು ಗಂಟೆಗೊಮ್ಮೆ ಚಾಲಕರು ಬದಲಾಗಿ, ದಣಿವು ಇಲ್ಲದಿದ್ದರೂ. ಪದೇ ಪದೇ ಆಕಳಿಕೆ, ಗೆರೆ ಬಿಟ್ಟು ಸರಿಯುವುದು, ಕಳೆದ ಕೆಲವು ಕಿಲೋಮೀಟರ್ ನೆನಪೇ ಇಲ್ಲದಿರುವುದು ಕಂಡರೆ ಕಿಟಕಿ ತೆಗೆದು ಹಾಡು ಜೋರು ಮಾಡುವುದರಿಂದ ಏನೂ ಪ್ರಯೋಜನವಿಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಒಂದು ಕಾಫಿ ಕುಡಿದು ತಕ್ಷಣ 15–20 ನಿಮಿಷ ಮಲಗಿ. ಕೆಫೀನ್ ಕೆಲಸ ಶುರು ಮಾಡಲು ಸುಮಾರು ಅರ್ಧ ಗಂಟೆ ಬೇಕು, ಏಳುವ ಹೊತ್ತಿಗೆ ಎರಡರ ಲಾಭವೂ ಸಿಗುತ್ತದೆ. ಇದೂ ತಾತ್ಕಾಲಿಕ ಅಷ್ಟೇ.

---

ಹಿಂಬದಿ_ಸೀಟು:

ಕೂರಿಸುವ ವಿಷಯ ಹೇಳ್ತೀನಿ, ಐದು ಸೀಟಿನ ಕಾರಿನಲ್ಲಿ ಇದು ನಿಜಕ್ಕೂ ಒಂದು ಲೆಕ್ಕ.

ಒಂದೂವರೆ ವರ್ಷದ್ದು ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲೇ ಇರಬೇಕು. ತಲೆ ದೊಡ್ಡದು, ಕುತ್ತಿಗೆ ಇನ್ನೂ ಎಳೆಯದು; ಡಿಕ್ಕಿಯಾದಾಗ ಹಿಂದಕ್ಕೆ ಮುಖ ಇದ್ದರೆ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಆ ಸೀಟು ವಾಲಿ ಕೂರುವುದರಿಂದ ಅದರ ಮುಂದಿನ ಸೀಟನ್ನು ಮುಂದಕ್ಕೆ ತಳ್ಳಬೇಕಾಗುತ್ತದೆ. ಮಂಡಿ ಮಡಚಲು ಕಷ್ಟವಿರುವ ಹಿರಿಯರು ಮುಂದೆ ಕೂತು, ಅವರ ಹಿಂದೆಯೇ ಮಗುವಿನ ಸೀಟು ಬಂದರೆ ಅವರ ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತದೆ. ಹಾಗಾಗಿ ಇಬ್ಬರು ಚಾಲಕರಲ್ಲಿ ಕುಳ್ಳಗಿರುವವರೇ ಹೆಚ್ಚು ಹೊತ್ತು ಓಡಿಸುವುದಾದರೆ ಮಗುವಿನ ಸೀಟು ಚಾಲಕರ ಹಿಂದೆ, ಹಿರಿಯರು ಮುಂದೆ ಸೀಟು ಪೂರ್ತಿ ಹಿಂದಕ್ಕೆ ಸರಿಸಿಕೊಂಡು. ಎತ್ತರದವರು ಓಡಿಸುವ ಪಾಳಿಯಲ್ಲಿ ಸ್ಟೀರಿಂಗ್‌ಗೆ ಒತ್ತಿಕೊಂಡು ಕೂರಬೇಕಾದರೆ ಈ ಏರ್ಪಾಡು ಆಗದು. ಇಬ್ಬರೂ ಇವತ್ತು ರಾತ್ರಿಯೇ ಕೂತು ನೋಡಿ. ಕಾಲಿನಿಂದ ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು, ಎದೆಗೂ ಸ್ಟೀರಿಂಗ್‌ಗೂ ಕನಿಷ್ಠ 25 ಸೆಂಟಿಮೀಟರ್ ಇರಬೇಕು.

ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಚಾಲೂ ಇರುವಾಗ ಹಿಂದಕ್ಕೆ ಮುಖ ಮಾಡಿದ ಸೀಟು ಇಡಲೇಬೇಡಿ. ತೊಡೆಯ ಮೇಲೆ ಕೂರಿಸಿಕೊಳ್ಳುವುದೂ ಇಲ್ಲ, ಹತ್ತು ನಿಮಿಷಕ್ಕೂ ಇಲ್ಲ.

ಸೀಟು ಕಟ್ಟಿದ ಮೇಲೆ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. 2.5 ಸೆಂಟಿಮೀಟರಿಗಿಂತ ಹೆಚ್ಚು ಆಡಬಾರದು. ಮಗುವಿನ ಭುಜದ ಮೇಲಿನ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ, ಮಡಿಕೆ ಸಿಕ್ಕರೆ ಇನ್ನೂ ಬಿಗಿಯಬೇಕು. ದಪ್ಪ ಸ್ವೆಟರ್ ಹಾಕಿ ಬಿಗಿದರೆ ಬಿಗಿ ಸುಳ್ಳು. ಮೊದಲು ಪಟ್ಟಿ, ಆಮೇಲೆ ಅದರ ಮೇಲೆ ಹೊದಿಕೆ.

ಏಳು ವರ್ಷದ್ದಕ್ಕೆ ಬೂಸ್ಟರ್ (ಬೆಲ್ಟ್ ಸರಿಯಾಗಿ ಕೂರಲು ಮಗುವನ್ನು ಎತ್ತರಿಸುವ ಸೀಟು) ಬೇಕಾ ಅನ್ನೋದನ್ನ ವಯಸ್ಸಿನಿಂದ ನೋಡಬೇಡಿ. ಬೆನ್ನು ಸೀಟಿಗೆ ಪೂರ್ತಿ ಒರಗಿದಾಗ ಮಂಡಿ ಸೀಟಿನ ಅಂಚಿನಲ್ಲಿ ಮಡಚುತ್ತದಾ? ಕೆಳಗಿನ ಬೆಲ್ಟ್ ಹೊಟ್ಟೆ ಮೇಲಲ್ಲದೆ ಸೊಂಟದ ಮೂಳೆ ಮೇಲೆ ಕೂರುತ್ತದಾ? ಮೇಲಿನದು ಕುತ್ತಿಗೆಗೆ ತಾಗದೆ ಭುಜದ ನಡುವೆ ಹಾಯುತ್ತದಾ? ಒಂದಕ್ಕೆ ಇಲ್ಲ ಅಂದರೂ ಬೂಸ್ಟರ್ ಬೇಕು. ಏಳರ ಮಕ್ಕಳಲ್ಲಿ ಹೆಚ್ಚಿನವರಿಗೆ ಬೇಕಾಗುತ್ತದೆ.

ವಾಂತಿ ಬಗ್ಗೆ. ಒಳಕಿವಿ "ಅಲ್ಲಾಡ್ತಿದ್ದೀವಿ" ಅನ್ನುತ್ತೆ, ಪುಸ್ತಕ ಅಥವಾ ಮೊಬೈಲ್ ನೋಡುತ್ತಿರುವ ಕಣ್ಣು "ಸುಮ್ಮನೆ ಕೂತಿದ್ದೀವಿ" ಅನ್ನುತ್ತೆ, ಜಗಳ ಅಲ್ಲಿಂದ. ಎರಡರಿಂದ ಹನ್ನೆರಡು ವರ್ಷದವರಿಗೆ ಇದು ಹೆಚ್ಚು. ತಿರುವು ಶುರುವಾಗುವ ಮುಂಚೆ ಪರದೆ ಕಸಿದುಕೊಳ್ಳಿ, ಕಣ್ಣು ಮುಂದಿನ ಗಾಜಿನಾಚೆ ದೂರಕ್ಕೆ ಇರಲಿ. ಹೊಟ್ಟೆ ಖಾಲಿಯೂ ಬೇಡ, ಗಂಟಲವರೆಗೂ ಬೇಡ. ಎಣ್ಣೆ, ಹಾಲಿನ ತಿನಿಸು ಬಿಟ್ಟು ಒಣ, ಹಗುರ ತಿಂಡಿ ಸ್ವಲ್ಪ ಸ್ವಲ್ಪ. ಮಗು ವಾಂತಿಗೆ ಮುಂಚೆ ಸೂಚನೆ ಕೊಡುತ್ತೆ: ಒಮ್ಮೆಲೇ ಮೌನ, ಆಕಳಿಕೆ, ಬಿಳಚಿದ ಮುಖ, ಹಣೆಯಲ್ಲಿ ತಣ್ಣನೆ ಬೆವರು. ಆಗಲೇ ನಿಲ್ಲಿಸಿ ಇಳಿಸಿದರೆ ಅರ್ಧ ಸಲ ವಾಂತಿಯೇ ಆಗುವುದಿಲ್ಲ. ಮಾತ್ರೆ ಕೊಡುವುದಾದರೆ ವೈದ್ಯರು ಹೇಳಿದ ಪ್ರಮಾಣ, ಹೊರಡುವ ಅರ್ಧದಿಂದ ಒಂದು ಗಂಟೆ ಮುಂಚೆ. ಶುರುವಾದ ಮೇಲೆ ಕೊಟ್ಟರೆ ಹೊರಗೇ ಬರುತ್ತದೆ. ಅದೇ ಮಾತ್ರೆ ಚಾಲಕರು ತೆಗೆದುಕೊಳ್ಳಬಾರದು, ತೂಕಡಿಕೆ ಬರುತ್ತದೆ.

ವಾಂತಿ ಚೀಲ, ಒದ್ದೆ ಒರೆಸುವ ಕಾಗದ, ಟವೆಲ್ಲು, ಒಂದು ಜೊತೆ ಬಟ್ಟೆ ಡಿಕ್ಕಿಯಲ್ಲಿ ಬೇಡ, ಕೈಗೆಟುಕುವಂತಿರಲಿ. ಚಾಲಕರಿಗೂ ಒಂದು ಅಂಗಿ ಇಡಿ, ಹಿಂದಿನಿಂದ ಬಂದದ್ದು ಎಲ್ಲಿಗೆ ಬೀಳುತ್ತೆ ಅಂತ ಹೇಳಕ್ಕಾಗಲ್ಲ.

ಇನ್ಸುಲಿನ್ ಕೂಡ ಒಳಗೇ ಇರಲಿ. ಬಳಸುತ್ತಿರುವ ಪೆನ್ನು ಕೋಣೆಯ ಉಷ್ಣತೆಯಲ್ಲಿ ಉಳಿಯುತ್ತದೆ, ಆದರೆ ನಿಲ್ಲಿಸಿದ ಕಾರಿನಲ್ಲಿ ಕೆಡುತ್ತದೆ. ಐಸ್ ಪ್ಯಾಕಿಗೆ ನೇರ ತಾಗಿಸಿ ಇಟ್ಟು ಹೆಪ್ಪುಗಟ್ಟಿದರೂ ಕೆಡುತ್ತದೆ, ನಡುವೆ ಬಟ್ಟೆ ಸುತ್ತಿ. ಹಿರಿಯರ ಊಟದ ಹೊತ್ತನ್ನು ನಿಮ್ಮ ನಿಲುಗಡೆಯ ಆಧಾರ ಮಾಡಿಕೊಳ್ಳಿ, ಸಕ್ಕರೆ ಇಳಿದರೆ ತಕ್ಷಣ ಕೊಡಲು ಗ್ಲೂಕೋಸ್ ಅಥವಾ ಸಕ್ಕರೆ ಅವರ ಕೈಯಲ್ಲೇ ಇರಲಿ. ಪ್ರತಿ ನಿಲುಗಡೆಯಲ್ಲೂ ಅವರು ಇಳಿದು ನಾಲ್ಕು ಹೆಜ್ಜೆ ನಡೆಯಬೇಕು, ಕೂತಿರುವಾಗ ಪಾದ ಮೇಲೆ ಕೆಳಗೆ ಆಡಿಸುತ್ತಿರಬೇಕು.

ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಬಿಟ್ಟು "ಎರಡೇ ನಿಮಿಷ" ಅಂತ ಹೋಗಬೇಡಿ. ಬಿಸಿಲಲ್ಲಿ 20 ನಿಮಿಷಕ್ಕೆ ಒಳಗಿನ ಉಷ್ಣತೆ 15 ಡಿಗ್ರಿವರೆಗೂ ಏರುತ್ತದೆ, ಕಿಟಕಿ ಸಂದು ಬಿಟ್ಟರೂ ಹೆಚ್ಚು ವ್ಯತ್ಯಾಸವಿಲ್ಲ.

---

ಗೊತ್ತುಗುರಿ_ಇಲ್ಲ:

ಎಲ್ಲರಿಗೂ ಥ್ಯಾಂಕ್ಸ್. ಸೀಟಿನ ಲೆಕ್ಕ ಸರಿಹೋಯಿತು. ಈಗ ಎರಡು ಪ್ರಶ್ನೆ. ಡಿಕ್ಕಿ ಸಾಲಲ್ಲ, ಮೇಲೆ ಕ್ಯಾರಿಯರ್ ಹಾಕಬಹುದಾ? ಬೆಟ್ಟದ ಕಡೆ ಹೋಗೋಣ ಅಂತ ಒಲವು, ಇಷ್ಟು ಹೊರೆಯಲ್ಲಿ ಇಳಿಜಾರು ಹೇಗೆ?

---

ಗ್ರೀಸ್_ಕೈ:

ಹೊರೆ: ಗಾಡಿಯ ಗರಿಷ್ಠ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ. ಎರಡೂ ಕೈಪಿಡಿಯಲ್ಲಿವೆ. ಒಟ್ಟು 1,335, ಖಾಲಿ 935 ಅಂತಿಟ್ಟುಕೊಳ್ಳಿ, 400 ಕೆಜಿ ಉಳಿಯಿತು. ದೊಡ್ಡವರು ಮೂವರು 215, ಮಕ್ಕಳು 36, ಅವರ ಸೀಟುಗಳು 15. ಲಗೇಜಿಗೆ 134 ಕೆಜಿ. ತೂಕಕ್ಕೆ ತೊಂದರೆ ಇಲ್ಲ, ಜಾಗಕ್ಕೆ ತೊಂದರೆ. ಚಾವಣಿಗೆ ಬೇರೆ ಮಿತಿ ಇದೆ, ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 50ರ ಸುತ್ತ, ಅದರಲ್ಲಿ ಕ್ಯಾರಿಯರಿನ ತೂಕವೂ ಸೇರಿದೆ. ಮೇಲೆ ಹಾಸಿಗೆ, ಬಟ್ಟೆಯಂಥ ಹಗುರದ್ದು ಮಾತ್ರ. ನೀರಿನ ಕ್ಯಾನು ಮೇಲೆ ಹೇರಿದರೆ ತಿರುವಿನಲ್ಲಿ ಗಾಡಿ ವಾಲುವುದು ನಿಮಗೇ ಗೊತ್ತಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ ಕ್ಯಾರಿಯರ್ ಬೇಡ. ಎರಡು ರಾತ್ರಿಗೆ ಗಟ್ಟಿ ಸೂಟ್‌ಕೇಸ್ ಬಿಟ್ಟು ಮೆತ್ತನೆ ಚೀಲ ತನ್ನಿ, ಅರ್ಧ ಸಮಸ್ಯೆ ಮುಗಿಯುತ್ತದೆ. ಭಾರದ್ದು ತಳದಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ. ಸೀಟಿನ ಎತ್ತರ ಮೀರಿ ಏನೂ ಪೇರಿಸಬೇಡಿ, ಗಟ್ಟಿ ಬ್ರೇಕಿಗೆ ಅದು ಮಕ್ಕಳ ತಲೆ ಮೇಲೆ ಬರುತ್ತದೆ. ಚಾಲಕನ ಕಾಲ ಬಳಿ ನೀರಿನ ಬಾಟಲ್ ಬೇಡವೇ ಬೇಡ. ಉರುಳಿ ಬ್ರೇಕ್ ಪೆಡಲಿನ ಕೆಳಗೆ ಸೇರಿಕೊಂಡರೆ ಪೆಡಲ್ ಒತ್ತಲಾಗುವುದಿಲ್ಲ.

ಹಿಂದೆ ಭಾರ ಬಿದ್ದಾಗ ಮೂತಿ ಮೇಲೇಳುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸ್ಟೀರಿಂಗ್ ಪಕ್ಕ 0ಯಿಂದ 3ರವರೆಗೆ ಅಂಕಿ ಇರುವ ಸಣ್ಣ ತಿರುಗಣೆ ಇದೆಯಲ್ಲ, ಅದು ಇದಕ್ಕೇ. ತುಂಬು ಹೊರೆಗೆ 2 ಅಥವಾ 3 ಇಡಿ.

ಇಳಿಜಾರು: ಹತ್ತುವಾಗ ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯುವಾಗಲೂ ಅದೇ ಗೇರ್. ಇಳಿಜಾರು ಶುರುವಾಗುವ ಮುಂಚೆಯೇ ಹಾಕಿ. ನ್ಯೂಟ್ರಲ್ ಇಲ್ಲ, ಕ್ಲಚ್ ಮೇಲೆ ಕಾಲೂ ಇಲ್ಲ. ಬ್ರೇಕನ್ನು ಸದಾ ಸವರುತ್ತಾ ಬರುವ ಬದಲು, ವೇಗ ಏರಿದಾಗ ಗಟ್ಟಿಯಾಗಿ ಒತ್ತಿ ಇಳಿಸಿ ಪೂರ್ತಿ ಬಿಡಿ, ಡಿಸ್ಕಿಗೆ ಆರಲು ಸಮಯ ಸಿಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯದ್ದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ, ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಇದಕ್ಕೇ. ನಿಮ್ಮದು ಬದಲಿಸಿ ಮೂರ್ನಾಲ್ಕು ವರ್ಷ ಆಗಿದ್ದರೆ ಈ ಸಲ ಬೆಟ್ಟ ಬಿಟ್ಟು ಬಯಲಿನ ಕಡೆ ಹೋಗಿ.

ಸುಟ್ಟ ವಾಸನೆ ಬಂದರೆ ಅಗಲ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಬಿಡಿ. ಡಿಸ್ಕ್ ಮೇಲೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ. ಹತ್ತುವಾಗ ಬಿಸಿಯ ಮುಳ್ಳು ಏರಿದರೆ ಏಸಿ ಆಫ್, ಹೀಟರ್ ಪೂರ್ತಿ ಆನ್, ಸಿಕ್ಕಿದ ಮೊದಲ ಜಾಗದಲ್ಲಿ ನಿಲ್ಲಿಸಿ. ರೇಡಿಯೇಟರ್ ಮುಚ್ಚಳ ಬಿಸಿಯಲ್ಲಿ ತೆಗೆದರೆ ಕುದಿನೀರು ಒತ್ತಡದಲ್ಲಿ ಮುಖಕ್ಕೆ ಬರುತ್ತದೆ.

---

ಮೌನ_ಮೋಟರ್:

ಎಲೆಕ್ಟ್ರಿಕ್ ಕಾರಿನವರು ಯಾರಾದರೂ ಓದುತ್ತಿದ್ದರೆ: 1,800 ಕೆಜಿಯ ಗಾಡಿ 1,000 ಮೀಟರ್ ಎತ್ತರಕ್ಕೆ ಏರಲು ಮಾಮೂಲಿ ಖರ್ಚಿನ ಮೇಲೆ 5ರಿಂದ 6 ಯೂನಿಟ್ ಹೆಚ್ಚು ತಿನ್ನುತ್ತದೆ. ಇಳಿಯುವಾಗ ಮೋಟರೇ ಬ್ರೇಕಿನಂತೆ ಹಿಡಿದು ಒಂದಷ್ಟು ಬ್ಯಾಟರಿಗೆ ವಾಪಸ್ ಬರುತ್ತದೆ, ಆದರೆ ಬೆಟ್ಟದ ತುದಿಯಲ್ಲಿ ರಾತ್ರಿಯಿಡೀ 100 ಶೇಕಡಾ ಚಾರ್ಜ್ ಮಾಡಿ ಇಳಿದರೆ ಬ್ಯಾಟರಿಯಲ್ಲಿ ಜಾಗವಿರುವುದಿಲ್ಲ, ಮೋಟರ್ ಬ್ರೇಕ್ ಹಿಡಿಯುವುದಿಲ್ಲ, ಪೂರ್ತಿ ಕೆಲಸ ಪ್ಯಾಡಿನ ಮೇಲೆ ಬೀಳುತ್ತದೆ. 80–85ಕ್ಕೆ ನಿಲ್ಲಿಸಿ. ಫಾಸ್ಟ್ ಚಾರ್ಜರಿನಲ್ಲೂ 10ರಿಂದ 80ರವರೆಗೆ ಮಾತ್ರ, ಮೇಲಿನ ಇಪ್ಪತ್ತು ಬಹಳ ನಿಧಾನ. ಪ್ರತಿ ಚಾರ್ಜರಿಗೂ 15 ಶೇಕಡಾ ಉಳಿಸಿಕೊಂಡು ತಲುಪಿ, ಅದು ಕೆಟ್ಟಿದ್ದರೆ ಆ 15ರಲ್ಲೇ ತಲುಪಬಹುದಾದ ಇನ್ನೊಂದು ಎಲ್ಲಿದೆ ಅಂತ ಮೊದಲೇ ನೋಡಿಟ್ಟಿರಿ.

---

ಗೊತ್ತುಗುರಿ_ಇಲ್ಲ:

ಬ್ರೇಕ್ ಆಯಿಲ್ ಬದಲಿಸಿದ ದಾಖಲೆ ಸಿಗಲಿಲ್ಲ, ಬಯಲೇ ಗತಿ. ಟಾರ್ಚ್ ಹಿಡಿದು ಕೆಳಗಿದ್ದೀನಿ. ಮೂರು ಚಕ್ರದ ನಟ್ ಬಿಚ್ಚಿತು, ಹಿಂದಿನ ಒಂದು ಚಕ್ರದ್ದು ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ. ಏನ್ ಮಾಡ್ಲಿ?

---

ಗ್ರೀಸ್_ಕೈ:

ಹ್ಯಾಂಡ್ ಬ್ರೇಕ್ ಎಳೆದು ಗೇರ್‌ನಲ್ಲಿಡಿ. ಸ್ಪ್ಯಾನರ್ ನಟ್ಟಿನ ಮೇಲೆ ಪೂರ್ತಿ ಒಳಗೆ ಕೂತಿದೆಯಾ ನೋಡಿ, ಅರ್ಧ ಕೂತಿದ್ದರೆ ಮೂಲೆ ಸವೆದು ಕಥೆ ಮುಗಿಯುತ್ತದೆ. ನಟ್ಟಿನ ಎದುರು ನಿಂತಾಗ ಹಿಡಿ ಎಡಕ್ಕೆ, ನೆಲಕ್ಕೆ ಸಮನಾಗಿ ಚಾಚಿರಲಿ. ಅದರ ತುದಿಯನ್ನು ಪಾದದಿಂದ ನಿಧಾನವಾಗಿ ಮೈಭಾರ ಹಾಕಿ ಒತ್ತಿ. ಜಿಗಿಯಬೇಡಿ, ಜಾರಿದರೆ ಮೊಣಕಾಲ ಕೆಳಗಿನ ಮೂಳೆಗೆ ಬಡಿಯುತ್ತದೆ. ಆಗದಿದ್ದರೆ ಹಿಡಿಗೆ ಹೊಂದುವ ಅರ್ಧ ಮೀಟರಿನ ಗಟ್ಟಿ ಕಬ್ಬಿಣದ ಪೈಪು ತೂರಿಸಿ, ಬೇಕಾದ ಬಲ ಅರ್ಧಕ್ಕೆ ಇಳಿಯುತ್ತದೆ. ಸಡಿಲವಾದ ಮೇಲೆ ಪೈಪು ತೆಗೆದಿಟ್ಟು ಬರೀ ಹಿಡಿಯಲ್ಲೇ ಬಿಗಿ ಮಾಡಿ. ಒಂದೊಂದೇ ನಟ್, ಪಕ್ಕಪಕ್ಕದ್ದಲ್ಲ, ಎದುರುಬದುರಿನದ್ದು. ಬೆಳಿಗ್ಗೆ ಹೊರಟು 50 ಕಿಲೋಮೀಟರ್ ಆದಾಗ ಮೊದಲ ನಿಲುಗಡೆಯಲ್ಲಿ ಎಲ್ಲಾ ನಟ್ಟಿಗೂ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಪೈಪಿಗೂ ಬಗ್ಗದಿದ್ದರೆ ಅದನ್ನು ಹಾಗೇ ಬಿಡಿ, ದಾರಿಯಲ್ಲಿ ಸಿಗುವ ಮೊದಲ ಟೈರ್ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ.